ಗುರುವಾರದ ಗೆಳೆಯರು

ಊರೆಂದ ಮೇಲೆ ಒಂದು ಕಟ್ಟೆ ಇರಬೇಕು, ಕಟ್ಟೆಯೆಂದ ಮೇಲೆ ನಾಲ್ಕು ಜನ ಸೇರಬೇಕು, ಸೇರಿದವರು ಮಾತನಾಡಬೇಕು. ಮಳೆ ಬೆಳೆಯಿಂದ ಮೊದಲಾದ ಮಾತು ಎಲ್ಲೆಲ್ಲಿಗೋ ಹೋಗಿ, ಹೊತ್ತು ಮೀರಿ ಮನೆಗೆ ಬಂದವರನ್ನು ಕಂಡು, "ಅದೇನು ಕಾಡುಹರಟೆಯೋ!" ಎಂದು ಮನೆಯವರು ಗೊಣಗುವುದೂ ಉಂಟು. ಇಲ್ಲಿ ನಿಮ್ಮ ಮುಂದಿಡಲು ಹೊರಟಿರುವುದು ಅಂತಹ ಒಂದು ಕಟ್ಟೆಯ ಚರಿತ್ರೆ. ಅದು ಅರಳಿಮರದ ಕೆಳಗೆ ಇರಲಿಲ್ಲ. ಲಂಡನ್ ನಗರದ ಒಂದು ಹಳೆಯ ಪಾನಗೃಹದಲ್ಲಿತ್ತು. ಅಲ್ಲಿ ಸೇರುತ್ತಿದ್ದವರು ವೈಜ್ಞಾನಿಕ ಕಥೆಗಳ ಅಭಿಮಾನಿಗಳು. ಚಂದ್ರಲೋಕದ ಪ್ರಯಾಣ, ಮಂಗಳ ಗ್ರಹದ ಜೀವಿಗಳು, ಮುಂದಿನ ಶತಮಾನದ ಮನುಷ್ಯ, ಇವು ಅವರ ಮಾತಿನ ವಸ್ತುಗಳು. ಆ ಹರಟೆಯಿಂದ ಹುಟ್ಟಿದ್ದೇನು, ಅದಕ್ಕೂ ನಮಗೂ ಏನು ಸಂಬಂಧ ಎಂಬುದನ್ನು ನೋಡೋಣ.

ಮೊದಲು ಈ ಅಭಿಮಾನಿಗಳು ಒಬ್ಬರನ್ನೊಬ್ಬರು ಕಂಡುಕೊಂಡ ಬಗೆಯನ್ನು ತಿಳಿಯಬೇಕು. ರೇಡಿಯೋ ಕೇಳುವವರಾದ ನಿಮಗೆ ಇದರಲ್ಲಿ ವಿಶೇಷ ಆಸಕ್ತಿ ಇದ್ದೀತು. ಏಕೆಂದರೆ ಈ ಕಥೆಯ ಬೇರು ಇರುವುದು ಒಬ್ಬ ರೇಡಿಯೋ ವ್ಯಾಪಾರಿಯ ಅಂಗಡಿಯಲ್ಲಿ. ಲಕ್ಸೆಂಬರ್ಗಿನಿಂದ 1904ರಲ್ಲಿ ಅಮೆರಿಕಕ್ಕೆ ಹೋದ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ನಿಸ್ತಂತು ಯಂತ್ರದ ಬಿಡಿಭಾಗಗಳನ್ನು ತರುಣರಿಗೆ ಮಾರುತ್ತಿದ್ದ. 1908ರಲ್ಲಿ ವಿದ್ಯುತ್ತಿನ ವಿಷಯಕ್ಕೆ ಮೀಸಲಾದ ಒಂದು ಮಾಸಪತ್ರಿಕೆಯನ್ನು ತೆಗೆದ. ಮರುವರ್ಷ ನಿಸ್ತಂತು ಹವ್ಯಾಸಿಗಳ ಸಂಘವನ್ನು ಕಟ್ಟಿದ. 1925ರಲ್ಲಿ ನ್ಯೂಯಾರ್ಕಿನಲ್ಲಿ ತನ್ನದೇ ಒಂದು ರೇಡಿಯೋ ನಿಲಯವನ್ನು ಆರಂಭಿಸಿದ. ಆತನೇ 1926ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಎಂಬ, ಕೇವಲ ವೈಜ್ಞಾನಿಕ ಕಥೆಗಳ ಪತ್ರಿಕೆಯನ್ನು ಹೊರತಂದವನು. ಓದುಗರ ಪತ್ರಗಳನ್ನು ಅಚ್ಚು ಹಾಕುವಾಗ ಬರೆದವರ ಪೂರ್ಣ ವಿಳಾಸವನ್ನೂ ಕೊಡುವುದು ಆ ಪತ್ರಿಕೆಯ ಪದ್ಧತಿಯಾಗಿತ್ತು. ಇದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ತನ್ನ ಊರಿನಲ್ಲಿ ಇಂತಹ ಕಥೆಗಳನ್ನು ಓದುವ ಹುಚ್ಚ ತಾನೊಬ್ಬನೇ ಎಂದುಕೊಂಡಿದ್ದ ಹುಡುಗನಿಗೆ, ಎರಡು ಬೀದಿಯಾಚೆ ಇನ್ನೊಬ್ಬನಿದ್ದಾನೆಂದು ತಿಳಿದದ್ದು ಆ ವಿಳಾಸಗಳಿಂದಲೇ. ನಿಸ್ತಂತು ಹವ್ಯಾಸಿಗಳು ಅಟ್ಟದ ಮೇಲೆ ಕುಳಿತು, ಕಾಣದ ಗೆಳೆಯನಿಗೆ ಸಂಕೇತ ಕಳುಹಿಸಿ ಉತ್ತರಕ್ಕಾಗಿ ಕಾಯುತ್ತಿದ್ದರಲ್ಲವೆ? ಕಥೆಗಳ ಅಭಿಮಾನಿಗಳು ಅದನ್ನೇ ಅಂಚೆಯ ಮೂಲಕ ಮಾಡಿದರು. 1934ರಲ್ಲಿ ಗರ್ನ್ಸ್‌ಬ್ಯಾಕ್ 'ಸೈನ್ಸ್ ಫಿಕ್ಷನ್ ಲೀಗ್' ಎಂಬ ಸಂಘವನ್ನು ಸಾರಿದಾಗ, ಕಡಲಾಚೆಯ ಊರುಗಳಲ್ಲಿಯೂ ಅದರ ಶಾಖೆಗಳು ಎದ್ದವು.

ಇಂಗ್ಲೆಂಡಿಗೆ ಈ ಪತ್ರಿಕೆಗಳು ಬಂದದ್ದು ಮಾರಾಟವಾಗದೆ ಉಳಿದ ಸರಕಾಗಿ. ವುಲ್‌ವರ್ತ್ ಅಂಗಡಿಗಳಲ್ಲಿ ಮೂರು ಪೆನ್ಸಿಗೊಂದರಂತೆ ಅವನ್ನು ರಾಶಿ ಹಾಕಿ ಮಾರುತ್ತಿದ್ದರು. ಸಾಮರ್ಸೆಟ್ ಸೀಮೆಯ ಟಾಂಟನ್ ಪಟ್ಟಣದಲ್ಲಿ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗ, ಮಧ್ಯಾಹ್ನದ ಬಿಡುವಿನಲ್ಲಿ ಆ ರಾಶಿಯನ್ನು ಕೆದಕಿ ತನಗೆ ಬೇಕಾದ ಸಂಚಿಕೆಗಳನ್ನು ಹುಡುಕುತ್ತಿದ್ದ. ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡವನು. ತಾಯಿ ಒಂದು ಸಣ್ಣ ಹೊಲಮನೆಯನ್ನು ನಡೆಸಿ ಮಕ್ಕಳನ್ನು ಸಾಕಿದರು. ಆ ತಾಯಿ ಮದುವೆಗೆ ಮೊದಲು ಅಂಚೆ ಕಚೇರಿಯಲ್ಲಿ ತಂತಿ ಕೆಲಸ ಮಾಡಿದವರು. ಹುಡುಗನ ಹೆಸರು ಆರ್ಥರ್ ಕ್ಲಾರ್ಕ್. ಮುಂದೆ ಪ್ರಸಿದ್ಧ ಲೇಖಕರಾದ ಆರ್ಥರ್ ಸಿ. ಕ್ಲಾರ್ಕರು ಇವರೇ.

ಇಂಗ್ಲೆಂಡಿನಲ್ಲಿ ಮೊದಲ ಪ್ರಯತ್ನಗಳು ತೀರ ಚಿಕ್ಕವು. ಲಂಡನ್ನಿನ ಅಂಚಿನ ಇಲ್ಫರ್ಡಿನಲ್ಲಿ ವಾಲ್ಟರ್ ಗಿಲ್ಲಿಂಗ್ಸ್ ಎಂಬ ತರುಣ ಪತ್ರಕರ್ತರು 1930ರಲ್ಲಿ ಒಂದು ಓದುಗರ ಕೂಟವನ್ನು ನಡೆಸಿ ನೋಡಿದರು. ಉತ್ತರದ ಲೀಡ್ಸ್ ನಗರದಲ್ಲಿ 1935ರಲ್ಲಿ ಲೀಗಿನ ಶಾಖೆಯೊಂದು ಹುಟ್ಟಿತು. ಲೀಡ್ಸಿನವರೇ ಮುಂದಾಗಿ 1937ನೆಯ ಜನವರಿ 3ರಂದು, ಥಿಯಸಾಫಿಕಲ್ ಸಭಾಂಗಣದಲ್ಲಿ, ಮೊದಲೇ ಗೊತ್ತುಮಾಡಿ ಪ್ರಕಟಿಸಿದ ಒಂದು ಸಮ್ಮೇಳನವನ್ನು ನಡೆಸಿದರು. ಜಗತ್ತಿನಲ್ಲಿ ಇಂತಹ ಸಮ್ಮೇಳನಗಳಲ್ಲಿ ಮೊದಲನೆಯದು ಇದೇ ಎಂದು ಅನೇಕರ ಅಭಿಪ್ರಾಯ. ನೆರೆದವರನ್ನು ಎಣಿಸಿದರೆ ಇಪ್ಪತ್ತು ಮಂದಿಯನ್ನು ಮೀರುತ್ತಿರಲಿಲ್ಲ. ನಮ್ಮಲ್ಲಿ ಒಂದು ನಾಮಕರಣಕ್ಕೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ! ಆ ಇಪ್ಪತ್ತರೊಳಗೆ ಗಿಲ್ಲಿಂಗ್ಸರಿದ್ದರು, ಮುಂದೆ ಸಂಪಾದಕರಾದ ಟೆಡ್ ಕಾರ್ನೆಲ್ ಇದ್ದರು, ಆಗ ತಾನೆ ಸರ್ಕಾರಿ ಲೆಕ್ಕಪತ್ರ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ್ದ, ಹತ್ತೊಂಬತ್ತು ವರ್ಷದ ಕ್ಲಾರ್ಕರೂ ಇದ್ದರು.

ಇದೇ ಕಾಲದಲ್ಲಿ ಇನ್ನೊಂದು ಸಂಘವೂ ಬೆಳೆಯುತ್ತಿತ್ತು. 1933ರಲ್ಲಿ ಲಿವರ್ಪೂಲಿನಲ್ಲಿ ಫಿಲಿಪ್ ಕ್ಲೀಟರ್ ಎಂಬುವರು ಸ್ಥಾಪಿಸಿದ 'ಬ್ರಿಟಿಷ್ ಇಂಟರ್‌ಪ್ಲಾನೆಟರಿ ಸೊಸೈಟಿ' ಅದು. ಗ್ರಹಗಳ ನಡುವೆ ಸಂಚರಿಸುವುದು ಹೇಗೆಂದು ಗಂಭೀರವಾಗಿ ಲೆಕ್ಕ ಹಾಕುವುದು ಅದರ ಉದ್ದೇಶ. ಆದರೆ 1875ರ ಸ್ಫೋಟಕ ವಸ್ತುಗಳ ಕಾನೂನಿನ ಪ್ರಕಾರ ಖಾಸಗಿ ಜನ ರಾಕೆಟ್ ಹಾರಿಸುವಂತಿರಲಿಲ್ಲ. ಹೀಗಾಗಿ ರಾಕೆಟ್ಟಿನ ಸಂಘಕ್ಕೆ ರಾಕೆಟ್ಟೇ ಇಲ್ಲ! ಉಳಿದದ್ದು ಕಾಗದ, ಪೆನ್ಸಿಲ್ಲು ಮತ್ತು ಮಾತು. ಸಂಘದ ಕೇಂದ್ರ ಲಂಡನ್ನಿಗೆ ಬಂದಾಗ, ಕಥೆ ಓದುವವರೂ ಲೆಕ್ಕ ಹಾಕುವವರೂ ಬಹುಮಟ್ಟಿಗೆ ಒಂದೇ ಗುಂಪಾದರು. 1938ರಲ್ಲಿ ಕ್ಲಾರ್ಕರು, ಕಥೆಗಾರ ವಿಲಿಯಂ ಟೆಂಪಲ್ ಮತ್ತು ಮಾರಿಸ್ ಹ್ಯಾನ್ಸನ್ ಸೇರಿ ಗ್ರೇಸ್ ಇನ್ ರಸ್ತೆಯ 88ನೆಯ ನಂಬರಿನಲ್ಲಿ ಒಂದು ಬಾಡಿಗೆ ಮನೆ ಹಿಡಿದರು. ಅದು ಮೂವರ ಬಿಡಾರವಾಗಿ ಉಳಿಯಲಿಲ್ಲ, ಅಭಿಮಾನಿಗಳೆಲ್ಲರ ಛತ್ರವಾಯಿತು. ಹ್ಯಾನ್ಸನ್ನರು ನಡೆಸುತ್ತಿದ್ದ 'ನೋವೀ ಟೆರೀ' ಎಂಬ ಸೈಕ್ಲೋಸ್ಟೈಲ್ ಪತ್ರಿಕೆ ಅಲ್ಲಿಂದ ಹೊರಡುತ್ತಿತ್ತು. ಅದೇ ಕಾಲದಲ್ಲಿ ಗೆಳೆಯರು ಸಂಜೆಗಳನ್ನೂ ರಜಾದಿನಗಳನ್ನೂ ವ್ಯಯಿಸಿ ಚಂದ್ರನಿಗೆ ಹೋಗಿ ಬರುವ ಒಂದು ನೌಕೆಯ ನಕ್ಷೆಯನ್ನು ತಯಾರಿಸಿದರು. ಅದು 1939ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಮಹಾಯುದ್ಧ ಬಂದಿತು. ಗೆಳೆಯರು ಚದುರಿದರು. ಸೈನ್ಯಕ್ಕೆ ಹೋದವರು ಕೆಲವರು, ವಾಯುದಳಕ್ಕೆ ಹೋದವರು ಕೆಲವರು. ಅಮೆರಿಕದ ಪತ್ರಿಕೆಗಳ ಆಮದು ನಿಂತಿತು, ಕಾಗದಕ್ಕೆ ಬರ. ಲೀಡ್ಸಿನ ಮೈಕೆಲ್ ರೋಸನ್‌ಬ್ಲಮ್ ಎಂಬುವರು ಮಾತ್ರ, ಹಿಂಸೆಗೆ ಒಪ್ಪದೆ ಸೈನ್ಯಕ್ಕೆ ಹೋಗಲು ನಿರಾಕರಿಸಿ, ಹೊಲಗಳಲ್ಲಿ ದುಡಿಯುತ್ತಲೇ 1940ರಿಂದ 1945ರವರೆಗೆ ಒಂದು ಪುಟ್ಟ ವಾರ್ತಾಪತ್ರವನ್ನು ಹೊರಡಿಸಿದರು. ಯಾರು ಎಲ್ಲಿದ್ದಾರೆ, ಯಾರಿಂದ ಕಾಗದ ಬಂದಿದೆ, ಯಾರಿಗೆ ಯಾವ ಪುಸ್ತಕ ಬೇಕು, ಇಷ್ಟೇ ಅದರ ಸುದ್ದಿ. ಶಸ್ತ್ರ ಹಿಡಿದವರಿಗೂ ಹಿಡಿಯದವರಿಗೂ ಆ ಕೆಲವು ಹಾಳೆಗಳು ಒಂದೇ ಕಟ್ಟೆಯಾಗಿದ್ದವು.

ಯಾವ ರಾಕೆಟ್ಟನ್ನು ಕುರಿತು ಈ ಗೆಳೆಯರು ಕನಸು ಕಂಡಿದ್ದರೋ ಅದು 1944ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆಯೇ ಬಂದು ಬಿದ್ದಿತು, ಜರ್ಮನರ ವಿ-2 ಅಸ್ತ್ರವಾಗಿ. ಶಬ್ದಕ್ಕಿಂತ ವೇಗವಾಗಿ ಬರುತ್ತಿದ್ದುದರಿಂದ ಅದು ಬೀಳುವ ಮುನ್ನ ಸದ್ದೂ ಕೇಳುತ್ತಿರಲಿಲ್ಲ. ಚಂದ್ರನಿಗೆ ಏಣಿಯಾಗಬೇಕಾಗಿದ್ದದ್ದು ಮನೆಗಳನ್ನು ಸುಡುವ ಕೊಳ್ಳಿಯಾಯಿತು. ಇದನ್ನು ಕಂಡು ಕೈಬಿಡುವುದು ಸುಲಭವಾಗಿತ್ತು. ಆಗ ವಾಯುದಳದಲ್ಲಿದ್ದ ಕ್ಲಾರ್ಕರು, ಮಂಜಿನಲ್ಲಿ ವಿಮಾನಗಳನ್ನು ರೇಡಾರಿನಿಂದ ಕೆಳಗಿಳಿಸುವ ಹೊಸ ಯಂತ್ರದ ಕೆಲಸ ಮಾಡುತ್ತಿದ್ದರು. ಅವರು ಅದೇ ರಾಕೆಟ್ಟಿಗೆ ಬೇರೊಂದು ಕೆಲಸವನ್ನು ಆಲೋಚಿಸಿದರು. 1945ನೆಯ ಮೇ ತಿಂಗಳಲ್ಲಿ ಒಂದು ಟಿಪ್ಪಣಿಯನ್ನು ಟೈಪು ಮಾಡಿ, ಕೆಲವೇ ಪ್ರತಿಗಳನ್ನು ತೆಗೆದು, ಸೊಸೈಟಿಯ ತಮ್ಮ ಹಳೆಯ ಗೆಳೆಯರಿಗೆ ಓದಲು ಕೊಟ್ಟರು. ಬಳಿಕ ಅದು ಲೇಖನವಾಗಿ ಬೆಳೆದು ಅಕ್ಟೋಬರಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಅಚ್ಚಾಯಿತು. ಸಂಭಾವನೆ 15 ಪೌಂಡು.

ಲೇಖನದ ಸಾರವನ್ನು ಹೀಗೆ ಹೇಳಬಹುದು. ರಾತ್ರಿಯ ವೇಳೆ ಶಾರ್ಟ್ ವೇವಿನಲ್ಲಿ ದೂರದ ನಿಲಯವನ್ನು ಹಿಡಿಯಲು ಗುಂಡಿ ತಿರುಗಿಸಿದವರಿಗೆ ಗೊತ್ತು, ಧ್ವನಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಒಮ್ಮೆ ಮಾಯವೇ ಆಗುತ್ತದೆ. ಆ ಅಲೆಗಳು ವಾಯುಮಂಡಲದ ಮೇಲಿನ ಒಂದು ಪದರಕ್ಕೆ ತಾಗಿ ಹಿಂದಿರುಗಬೇಕು. ಆ ಪದರವೋ ಸದಾ ಚಂಚಲ. ದೂರದರ್ಶನದ ಅಲೆಗಳಂತೂ ಅದನ್ನು ಸೀಳಿಕೊಂಡು ಹೊರಟೇ ಹೋಗುತ್ತವೆ. ಹಾಗಿದ್ದರೆ ಎತ್ತರದಲ್ಲಿ ಸ್ಥಿರವಾದ ಒಂದು ನಿಲಯವನ್ನೇ ನಿಲ್ಲಿಸಿದರೆ? ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತುವಿಗೆ ಒಂದು ಸುತ್ತಿಗೆ ಒಂದು ದಿನ ಹಿಡಿಯುತ್ತದೆ. ಭೂಮಿಯೂ ಅಷ್ಟರಲ್ಲಿ ಒಮ್ಮೆ ತಿರುಗುವುದರಿಂದ, ನೋಡುವವರಿಗೆ ಅದು ಧ್ರುವ ನಕ್ಷತ್ರದಂತೆ ಇದ್ದಲ್ಲೇ ಇರುತ್ತದೆ. ಅಂತಹ ಮೂರು ನಿಲಯಗಳಿದ್ದರೆ ಹೆಚ್ಚುಕಡಿಮೆ ಇಡೀ ಭೂಮಂಡಲಕ್ಕೆ ಪ್ರಸಾರ ಮಾಡಬಹುದು. ಇಂತಹ ಕಕ್ಷೆಯೊಂದುಂಟೆಂದು ಕ್ಲಾರ್ಕರಿಗಿಂತ ಮೊದಲೇ ಬರೆದವರಿದ್ದರು. ಅದನ್ನು ಜಗತ್ತಿನ ಪ್ರಸಾರಕ್ಕೆ ಬಳಸುವ ಯೋಜನೆಯನ್ನು ಲೆಕ್ಕ ಸಹಿತ ಬಿಡಿಸಿಟ್ಟದ್ದು ಈ ಲೇಖನ.

ಯುದ್ಧ ಮುಗಿಯಿತು. 1946ರಲ್ಲಿ ಗೆಳೆಯರು ಮತ್ತೆ ಕಲೆತರು. ಫ್ಲೀಟ್ ಸ್ಟ್ರೀಟಿನ ಸಮೀಪದ ಫೆಟರ್ ಲೇನಿನಲ್ಲಿ 'ವೈಟ್ ಹಾರ್ಸ್' ಎಂಬ ಪಾನಗೃಹ. ಪ್ರತಿ ಗುರುವಾರ ಸಂಜೆ. ನಮ್ಮಲ್ಲಿ ಅನೇಕರಿಗೆ ಗುರುವಾರವೆಂದರೆ ರಾಯರ ಮಠದ ದಿನ. ಇವರಿಗೂ ಅದು ತಪ್ಪಿಸಬಾರದ ವ್ರತವಾಯಿತು. ಈ ಕೂಟಕ್ಕೆ 'ಲಂಡನ್ ಸರ್ಕಲ್' ಎಂಬ ಹೆಸರು ಬಂದಿತು. ಹೆಸರೊಂದೇ ಇದ್ದದ್ದು. ಅಧ್ಯಕ್ಷರಿಲ್ಲ, ಚಂದಾ ಇಲ್ಲ, ಹಾರ ತುರಾಯಿ ಇಲ್ಲ, ವಂದನಾರ್ಪಣೆಯೂ ಇಲ್ಲ. ಬಂದವನು ಸದಸ್ಯ. ಲೋಟ ಹಿಡಿದು ನಿಂತೋ ಕುಳಿತೋ ಮಾತನಾಡುವುದು, ಹಳೆಯ ಸಂಚಿಕೆಗಳನ್ನು ಕೊಟ್ಟು ಕೊಳ್ಳುವುದು, ಹೊಸ ಕಥೆಯನ್ನು ಹೊಗಳುವುದು ಅಥವಾ ತೆಗಳುವುದು, ಇವೇ ಕಾರ್ಯಕ್ರಮಗಳು. ಡಾಲರಿನ ಅಭಾವದಿಂದ ಅಮೆರಿಕದ ಪತ್ರಿಕೆಗಳು ಅಂಗಡಿಗೆ ಬರುತ್ತಿರಲಿಲ್ಲವಾದ್ದರಿಂದ, ಅಮೆರಿಕದ ಗೆಳೆಯನೊಬ್ಬ ಅಂಚೆಯಲ್ಲಿ ಕಳುಹಿಸಿದ ಒಂದು ಪ್ರತಿ ಹತ್ತು ಕೈ ದಾಟುತ್ತಿತ್ತು. ಮುಂದೆ 'ದಿ ಡೇ ಆಫ್ ದಿ ಟ್ರಿಫಿಡ್ಸ್' ಬರೆದು ಹೆಸರಾದ ಜಾನ್ ವಿಂಡಮ್, ಜಾನ್ ಕ್ರಿಸ್ಟೋಫರ್, ಹಡಗಿನ ಅಧಿಕಾರಿಯಾಗಿದ್ದು ಲಂಡನ್ನಿಗೆ ಬಂದಾಗಲೆಲ್ಲ ಇಣುಕುತ್ತಿದ್ದ ಬರ್ಟ್ರಾಂ ಚಾಂಡ್ಲರ್, ಇವರೆಲ್ಲ ಅಲ್ಲಿ ಕಾಣಬರುತ್ತಿದ್ದರು. ಪ್ರಸಿದ್ಧ ಲೇಖಕನೂ ಮೊನ್ನೆ ಮೊದಲ ಕಥೆ ಓದಿದ ಗುಮಾಸ್ತನೂ ಒಂದೇ ಮೇಜಿಗೆ ಮೊಣಕೈ ಊರಬಹುದಾಗಿತ್ತು. ಕ್ಲಾರ್ಕರು 1957ರಲ್ಲಿ ಪ್ರಕಟಿಸಿದ 'ಟೇಲ್ಸ್ ಫ್ರಮ್ ದಿ ವೈಟ್ ಹಾರ್ಟ್' ಎಂಬ ಹಾಸ್ಯಕಥೆಗಳ ಪುಸ್ತಕದಲ್ಲಿ ಬರುವ ಪಾನಗೃಹಕ್ಕೆ ಈ ವೈಟ್ ಹಾರ್ಸೇ ಮಾದರಿ.

1953ರ ಕೊನೆಯಲ್ಲಿ ಪಾನಗೃಹದ ಯಜಮಾನರು ಅದನ್ನು ಬಿಟ್ಟು, ಹ್ಯಾಟನ್ ಗಾರ್ಡನ್ನಿನ 'ಗ್ಲೋಬ್' ಎಂಬಲ್ಲಿಗೆ ಹೋದರು. ಗೆಳೆಯರ ಗುಂಪೂ ಅವರ ಹಿಂದೆಯೇ ಗುಳೆ ಹೊರಟಿತು! ಅವರಿಗೆ ಬೇಕಾಗಿದ್ದದ್ದು ಗೋಡೆಯಲ್ಲ. ತಮ್ಮನ್ನು ಸಹಿಸಿಕೊಳ್ಳುವ ಯಜಮಾನ.

ಹೀಗೆಂದರೆ ಇವರು ಬರಿಯ ಮಾತಿನ ಮಲ್ಲರೆಂದು ನೀವು ತಿಳಿಯಬಾರದು. ಮಾತಿನಿಂದ ಮೂರು ಕೆಲಸಗಳಾದವು. ಮೊದಲನೆಯದು ಪತ್ರಿಕೆ. 'ನೋವೀ ಟೆರೀ' ಎಂದರೆ ಹೊಸ ಲೋಕಗಳು. ಆ ಸೈಕ್ಲೋಸ್ಟೈಲ್ ಹಾಳೆಗಳನ್ನು ಕಾರ್ನೆಲ್ಲರು 1939ರಲ್ಲಿ ವಹಿಸಿಕೊಂಡು 'ನ್ಯೂ ವರ್ಲ್ಡ್ಸ್' ಎಂದು ಹೆಸರಿಟ್ಟರು. 1946ರಲ್ಲಿ ಅದು ಅಚ್ಚಿನ ಪತ್ರಿಕೆಯಾಯಿತು. ಮೂರು ಸಂಚಿಕೆಗಳಾಗುವಷ್ಟರಲ್ಲಿ ಪ್ರಕಾಶಕರು ಮುಳುಗಿದರು. ಆಗ ವೈಟ್ ಹಾರ್ಸಿನ ಗೆಳೆಯರು ತಾವೇ ಪಾಲು ಹಣ ಹಾಕಿ 'ನೋವಾ ಪಬ್ಲಿಕೇಷನ್ಸ್' ಎಂಬ ಕಂಪನಿಯನ್ನು ಕಟ್ಟಿ, 1949ರಲ್ಲಿ ಪತ್ರಿಕೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಇಂಗ್ಲೆಂಡಿನ ಒಂದು ಪೀಳಿಗೆಯ ಕಥೆಗಾರರು ಆ ಪತ್ರಿಕೆಯಲ್ಲಿ ಬೆಳೆದರು.

ಎರಡನೆಯದು ಆತಿಥ್ಯ. ಅಮೆರಿಕದ ಅಭಿಮಾನಿಗಳು ಕಾಸಿಗೆ ಕಾಸು ಕೂಡಿಸಿ, ಇಂಗ್ಲೆಂಡಿನ ಗೆಳೆಯನೊಬ್ಬನನ್ನು ಕಡಲು ದಾಟಿಸಿ ತಮ್ಮ ಸಮ್ಮೇಳನಕ್ಕೆ ಕರೆಸಿಕೊಳ್ಳಲು ಒಂದು ನಿಧಿಯನ್ನು ಏರ್ಪಡಿಸಿದರು. ಅದರ ನೆರವಿನಿಂದ 1949ರಲ್ಲಿ ಕಾರ್ನೆಲ್ಲರು ಸಿನ್ಸಿನಾಟಿಗೆ ಹೋಗಿಬಂದರು. ಇದೇ ಮಾದರಿಯಲ್ಲಿ, ಎರಡೂ ದಡದವರು ಒಬ್ಬರನ್ನೊಬ್ಬರು ಕರೆಸಿಕೊಳ್ಳುವ ಅಟ್ಲಾಂಟಿಕ್ ಪಾರದ ನಿಧಿ 1953ರಲ್ಲಿ ರೂಪುಗೊಂಡಿತು. ಇದು ಸರ್ಕಾರ ಕೊಟ್ಟ ವಿದ್ಯಾರ್ಥಿವೇತನವಲ್ಲ. ಓದುಗರು ಓದುಗನಿಗೆ ಕೊಟ್ಟ ಪ್ರಯಾಣದ ಬುತ್ತಿ.

ಮೂರನೆಯದು ಬಹುಮಾನ. ವಿಂಡಮ್ ಮೊದಲಾದ ಕೆಲವರು ಸೇರಿ 1951ರಲ್ಲಿ ಅಂತರರಾಷ್ಟ್ರೀಯ ಬಹುಮಾನವೊಂದನ್ನು ಸ್ಥಾಪಿಸಿದರು. ಮೊದಲ ವರ್ಷ ಅದು ಜಾರ್ಜ್ ಸ್ಟುವರ್ಟರ 'ಅರ್ತ್ ಅಬೈಡ್ಸ್' ಕಾದಂಬರಿಗೆ ಸಂದಿತು. 1957ರಲ್ಲಿ ಅದನ್ನು ಕೊಟ್ಟದ್ದು 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಬರೆದ ಟೋಲ್ಕೀನರಿಗೆ. ಆ ಪುಸ್ತಕ ಲೋಕವಿಖ್ಯಾತವಾದದ್ದು ಅನಂತರ ಎಂಬುದನ್ನು ನೆನೆದರೆ, ಈ ಹರಟೆಗಾರರ ರುಚಿ ಹುರುಳಿಲ್ಲದ್ದೇನೂ ಆಗಿರಲಿಲ್ಲವೆಂದು ಒಪ್ಪಬೇಕಾಗುತ್ತದೆ.

ಗುಣದೊಂದಿಗೆ ದೋಷವನ್ನೂ ಹೇಳಬೇಕು. ಈ ಕಟ್ಟೆಯಲ್ಲಿ ಹೆಂಗಸರು ಬಹಳ ವಿರಳ. ಗಂಡಸರ ಪಾನಗೃಹದ ವಾತಾವರಣವೇ ಅದಕ್ಕೆ ಒಂದು ಕಾರಣವಾಗಿದ್ದಿರಬೇಕು. ಹಳಬರ ಒಳಮಾತು, ಒಳನಗೆ ಹೊಸಬನಿಗೆ ಗೋಡೆಯಾಗುವುದೂ ಉಂಟು. ಕಾರ್ನೆಲ್ಲರ ಪತ್ರಿಕೆಯಲ್ಲಿಯೇ ಬೆಳಕು ಕಂಡ ಜೆ. ಜಿ. ಬ್ಯಾಲಾರ್ಡರು 1957ರ ಸಮ್ಮೇಳನಕ್ಕೆ ಹೋಗಿ ನಿರಾಶರಾಗಿ ಮರಳಿದುದನ್ನು ತಾವೇ ಹೇಳಿಕೊಂಡಿದ್ದಾರೆ. ನಿಯಮವಿಲ್ಲದ ಕೂಟದಲ್ಲಿ ಯಾರನ್ನೂ ಹೊರಗಿಡುವುದಿಲ್ಲ, ನಿಜ; ಆದರೆ ಸಂಕೋಚದಿಂದ ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆಯುವ ಹೊಣೆಯೂ ಯಾರದೂ ಆಗಿರುವುದಿಲ್ಲ.

ಆ 1957ರ ಸಮ್ಮೇಳನ ಈ ಚರಿತ್ರೆಯ ಒಂದು ಮೈಲಿಗಲ್ಲು. ಉತ್ತರ ಅಮೆರಿಕದ ಹೊರಗೆ ಜಾಗತಿಕ ಸಮ್ಮೇಳನ ಸೇರಿದ್ದು ಅದೇ ಮೊದಲು. ಸೆಪ್ಟೆಂಬರ್ ಮೊದಲ ವಾರದ ಕೊನೆಯಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ 268 ಮಂದಿ ಕಲೆತರು. ಅದರ ಹಿಂದಿನ ವರ್ಷ, 1956ರಲ್ಲಿ, ಹೊಸದಾಗಿ ರಾಜಖಗೋಳಜ್ಞರಾಗಿ ನೇಮಕವಾದ ರಿಚರ್ಡ್ ವೂಲಿಯವರು ಬಾಹ್ಯಾಕಾಶ ಯಾನವೆಂಬ ಮಾತನ್ನೇ ಶುದ್ಧ ಬೊಗಳೆಯೆಂದು ತಳ್ಳಿಹಾಕಿದ್ದರು. ಸಮ್ಮೇಳನ ಮುಗಿದು ಒಂದು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 4ರಂದು, ರಷ್ಯನರ ಸ್ಪುಟ್ನಿಕ್ ಭೂಮಿಯನ್ನು ಸುತ್ತತೊಡಗಿತು. ಅದರ 'ಬೀಪ್ ಬೀಪ್' ಸದ್ದನ್ನು ಹವ್ಯಾಸಿಗಳು ತಮ್ಮ ತಮ್ಮ ರೇಡಿಯೋಗಳಲ್ಲಿ ಹಿಡಿದು ಕೇಳಿದರು.

ಇನ್ನು ನಮಗೆ ಸಂಬಂಧಪಟ್ಟ ಮಾತು. ಕ್ಲಾರ್ಕರ ಲೇಖನ ಬಂದು ಎರಡು ದಶಕ ಕಳೆಯುವುದರೊಳಗೆ, 1964ರಲ್ಲಿ, ಅಂತಹ ಸ್ಥಿರ ಕಕ್ಷೆಯಲ್ಲಿ ಸಿಂಕಾಮ್-3 ಉಪಗ್ರಹ ನಿಂತಿತು. 1975ನೆಯ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ಇಳಿದುಬಂದವು. ಕರ್ನಾಟಕದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಕೊಡೆಯನ್ನು ತಲೆಕೆಳಗು ಮಾಡಿದಂತಹ, ತಂತಿಬಲೆಯ ಆಂಟೆನಾದ ಕೆಳಗೆ ಜನ ನೆರೆದು ಬೇಸಾಯ, ಆರೋಗ್ಯಗಳ ಮಾತನ್ನು ಕನ್ನಡದಲ್ಲಿ ಕಂಡು ಕೇಳಿದರು. ಅಷ್ಟು ಹೊತ್ತಿಗೆ ಸಿಂಹಳದಲ್ಲಿ ನೆಲೆಸಿದ್ದ ಕ್ಲಾರ್ಕರ ಕೊಲಂಬೋ ಮನೆಗೂ, ನಮ್ಮ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯವರು ಅಂತಹುದೇ ಒಂದು ಆಂಟೆನಾವನ್ನು ಕೊಟ್ಟು ನಿಲ್ಲಿಸಿದರು. ಮೂವತ್ತು ವರ್ಷಗಳ ಹಿಂದೆ ಟೈಪು ಮಾಡಿ ಗೆಳೆಯರಿಗೆ ಕೊಟ್ಟ ಟಿಪ್ಪಣಿಯ ಉತ್ತರ ಅವರ ಮನೆಯಂಗಳಕ್ಕೇ ಬಂದಿತೆನ್ನಬಹುದು. 1982ರಿಂದ ಹಾಸನದ ನಿಯಂತ್ರಣ ಕೇಂದ್ರವು ನಮ್ಮವೇ ಆದ ಇನ್ಸಾಟ್ ಉಪಗ್ರಹಗಳನ್ನು ಅದೇ ಕಕ್ಷೆಯಲ್ಲಿ ನೋಡಿಕೊಳ್ಳುತ್ತ ಬಂದಿದೆ.

ಹಾಗೆಂದು ಉಪಗ್ರಹವನ್ನು ಪಾನಗೃಹ ಹಾರಿಸಿತೆನ್ನುವುದು ಅತಿಯಾದೀತು. ಅದನ್ನು ಹಾರಿಸಿದವರು ಸಾವಿರಾರು ಎಂಜಿನಿಯರುಗಳು; ಹಣ ಕೊಟ್ಟವರು ಹಲವು ದೇಶಗಳ ತೆರಿಗೆದಾರರು. ಗೆಳೆಯರ ಕೂಟ ಕೊಟ್ಟದ್ದು ಬೇರೊಂದನ್ನು. ಇಲ್ಲದ ವಸ್ತುವನ್ನು ಕುರಿತು ಗಂಭೀರವಾಗಿ ಮಾತನಾಡುವವನಿಗೆ ಮೊದಲು ಬೇಕಾದದ್ದು ನಗದೆ ಕೇಳುವ ನಾಲ್ಕು ಜನ. ತಪ್ಪು ಹೇಳಿದರೆ ಅಲ್ಲಿಯೇ ತಿದ್ದುವ ಜನ. ಮುಂದಿನ ವಾರವೂ ಅದೇ ಜಾಗದಲ್ಲಿ ಸಿಕ್ಕುವ ಜನ. ಮನೆಯಲ್ಲಿ ಒಬ್ಬನೇ ಕುಳಿತು ಓದುವವನಿಗೆ ಕಲ್ಪನೆ ಬೆಳೆದೀತು. ಅದನ್ನು ಲೆಕ್ಕಕ್ಕೆ ಇಳಿಸುವ ಧೈರ್ಯ ಬರುವುದು ಸಂಗಾತಿಗಳಿಂದ. ಆರಂಭದಲ್ಲಿ ಇವರು ಇಪ್ಪತ್ತು ಜನರಿಗಿಂತ ಹೆಚ್ಚಿರಲಿಲ್ಲ ಎಂಬುದು ನೆನಪಿಡತಕ್ಕ ಮಾತು.

ಲಂಡನ್ನಿನ ಆ ಕೂಟ ಮುಂದೆ ಹಲವು ಪಾನಗೃಹಗಳನ್ನು ಬದಲಾಯಿಸಿತು. ವಾರದ ಭೇಟಿ ಕಾಲಕ್ರಮದಲ್ಲಿ ತಿಂಗಳ ಮೊದಲ ಗುರುವಾರಕ್ಕೆ ಇಳಿಯಿತು. ಹಳಬರು ಒಬ್ಬೊಬ್ಬರಾಗಿ ಹೋದರು. ಕ್ಲಾರ್ಕರು 2008ರಲ್ಲಿ ತೀರಿಕೊಂಡರು. ಗುರುವಾರ ಮಾತ್ರ ಉಳಿದು, ಇಪ್ಪತ್ತೊಂದನೆಯ ಶತಮಾನಕ್ಕೂ ನಡೆದುಬಂದಿತು. ನಿಮ್ಮ ಊರಿನಲ್ಲಿಯೂ, ನಕ್ಷತ್ರ ನೋಡುವವರೋ, ಹಳೆಯ ರೇಡಿಯೋ ಬಿಚ್ಚಿ ಜೋಡಿಸುವವರೋ, ಕಥೆ ಓದುವವರೋ ಇಬ್ಬರು ಮೂವರು ಇದ್ದೇ ಇರುತ್ತಾರೆ. ಕಾರ್ಯದರ್ಶಿ, ಖಜಾಂಚಿಗಳ ಚುನಾವಣೆ ತಡವಾದರೂ ಚಿಂತೆಯಿಲ್ಲ. ಒಂದು ವಾರ, ಒಂದು ವೇಳೆ, ಒಂದು ಜಾಗವನ್ನು ಗೊತ್ತುಮಾಡಿಕೊಳ್ಳಿ. ಬಾಗಿಲಲ್ಲಿ ಯಾರಾದರೂ ಹಿಂಜರಿದು ನಿಂತಿದ್ದರೆ ಎದ್ದು ಹೋಗಿ ಒಳಗೆ ಕರೆಯಿರಿ. ಕರೆಯುವಾಗ ಹೆಂಗಸರನ್ನೂ ಮರೆಯಬೇಡಿ.